ಅಪ್‌ಡೇಟ್: ಇಳಿಸಿದ ಎಸ್ಕಲೇಡ್‌ನ ಹಿಂಭಾಗ ಮತ್ತೆ ಮೇಲೇಳುತ್ತಿದ್ದದ್ದು ಏಕೆ

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಪ್ರಶ್ನೆ ಇಷ್ಟಿತ್ತು: 2010ರ ಕ್ಯಾಡಿಲಾಕ್ ಎಸ್ಕಲೇಡ್‌ ಎಸ್‌ಯುವಿಯನ್ನು ನೆಲದ ಕಡೆಗೆ ಮುಂದೆ 2, ಹಿಂದೆ 3 ಇಂಚು ಇಳಿಸಿದ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್‌ಗಳಿಗೆ ಗಾಳಿ ತುಂಬುವ ಕಂಪ್ರೆಸರ್ ಪದೇ ಪದೇ ಓಡಿ ಹಿಂಭಾಗವನ್ನು ಎತ್ತುತ್ತಿತ್ತು.

ತಪ್ಪು ಸ್ಪ್ರಿಂಗ್‌ನದ್ದಲ್ಲ. ಗಾಡಿ ಇಳಿದಾಗ ಹಿಂಭಾಗದ ಎತ್ತರ ಅಳೆಯುವ ಸೆನ್ಸರ್‌ನ ತೋಳು ವಾಲುತ್ತದೆ. ಡಿಕ್ಕಿಯಲ್ಲಿ ಭಾರ ಬಿದ್ದಿದೆ ಎಂದೇ ತಿಳಿದು ಸಿಸ್ಟಂ ಶಾಕ್‌ಗಳಿಗೆ ಗಾಳಿ ತುಂಬುತ್ತದೆ. ಸ್ಪ್ರಿಂಗ್ ಬಿಚ್ಚುವ ಮೊದಲೇ ಆ ತೋಳಿನ ಕೋನದ ಫೋಟೊ ತೆಗೆದಿಟ್ಟುಕೊಳ್ಳಿ. ಆ ತೋಳಿಗೆ ಉದ್ದ ಹೊಂದಿಸಬಲ್ಲ ಲಿಂಕ್ (ಜೋಡಿಸುವ ಸಣ್ಣ ಕಡ್ಡಿ) ಹಾಕಿ, ಗಾಡಿ ಚಕ್ರದ ಮೇಲೆ ನಿಂತಾಗ ಅದೇ ಕೋನ ಬರುವಂತೆ ತಿರುಗಿಸಿದರೆ ಸಾಕು. ಕಂಪ್ರೆಸರ್‌ನ ಫ್ಯೂಸ್ ಕಿತ್ತುಹಾಕುವುದು ಪರಿಹಾರವಲ್ಲ, ಎಚ್ಚರಿಕೆಯ ಸಂದೇಶ ಉಳಿದೇ ಉಳಿಯುತ್ತದೆ.

ಇನ್ನೊಂದು, ಪ್ಯಾನ್‌ಹಾರ್ಡ್ ರಾಡ್, ಅಂದರೆ ಹಿಂದಿನ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿದಿಡುವ ಅಡ್ಡ ಸರಳು. ಇಳಿಸಿದಾಗ ಅದು ಹಿಂದಿನ ಆಕ್ಸಲ್ ಅನ್ನು ಒಂದು ಬದಿಗೆ ಸರಿಸುತ್ತದೆ. ಫೆಂಡರ್‌ನಿಂದ ತೂಗುಗುಂಡು ಬಿಟ್ಟು, ಅದರ ದಾರದಿಂದ ಟೈರ್‌ಗೆ ಇರುವ ಅಂತರವನ್ನು ಎರಡೂ ಬದಿಯಲ್ಲಿ ಅಳೆಯಿರಿ. ವ್ಯತ್ಯಾಸ ಕಂಡರೆ ಉದ್ದ ಬದಲಿಸಬಹುದಾದ ರಾಡ್ ಬೇಕು.

ಸಸ್ಪೆನ್ಷನ್ ಆರ್ಮ್‌ಗಳ ಬೋಲ್ಟ್‌ಗಳನ್ನು ಗಾಡಿ ಜಾಕ್ ಮೇಲಿದ್ದಾಗ ಬಿಗಿಯಬೇಡಿ. ಅವುಗಳ ರಬ್ಬರ್ ಬುಶ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಿದ್ದ ಮೇಲೆಯೇ ನಿಗದಿತ ಬಲಕ್ಕೆ (ಟಾರ್ಕ್) ಬಿಗಿಯಿರಿ. ಕೊನೆಗೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ದಿಕ್ಕು ಎರಡನ್ನೂ ಸರಿಮಾಡಿಸಿ.