ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದೂರವೆಷ್ಟು, ಹಾರಾಟದ ಅವಧಿ ಎಷ್ಟು?

ಪ್ರಶ್ನೆ (ಮಲ್ಲೇಶ್ವರದ ನಿವೃತ್ತ):
ಮಗಳು ಕ್ಯಾಲಿಫೋರ್ನಿಯಾದಲ್ಲಿರುವುದರಿಂದ ನಾನೂ ನನ್ನ ಪತ್ನಿಯೂ ಬರುವ ಜನವರಿಯಲ್ಲಿ ಅಲ್ಲಿಗೆ ಹೋಗಬೇಕೆಂದಿದ್ದೇವೆ. ನೇರ ವಿಮಾನದ ಹಳೆಯ ವೇಳಾಪಟ್ಟಿಯೊಂದರಲ್ಲಿ, ಬೆಂಗಳೂರಿನಿಂದ ಮಧ್ಯಾಹ್ನ ಹೊರಟ ವಿಮಾನ ಅದೇ ದಿನ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತದೆಂದೂ, ಅಲ್ಲಿಂದ ರಾತ್ರಿ ಹೊರಟದ್ದು ಮೂರನೆಯ ದಿನ ಬೆಳಗಿನ ಜಾವ ಇಲ್ಲಿಗೆ ಬರುತ್ತದೆಂದೂ ಇತ್ತು. ದೂರ ಒಂದೇ ಆಗಿರುವಾಗ ಇಷ್ಟು ಅಂತರ ಹೇಗೆ ಬರುತ್ತದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಗಡಿಯಾರ):
ಸ್ವಾಮಿ, ಅದರಲ್ಲಿ ಬಹುಪಾಲು ಗಡಿಯಾರದ ಆಟ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಮಯ ನಮಗಿಂತ 13 ಗಂಟೆ 30 ನಿಮಿಷ ಹಿಂದಿರುತ್ತದೆ. ಮಾರ್ಚ್‌ನಿಂದ ನವೆಂಬರ್ ಆರಂಭದವರೆಗೆ ಅಲ್ಲಿನವರು ಗಡಿಯಾರವನ್ನು ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ ಅದು 12 ಗಂಟೆ 30 ನಿಮಿಷವಾಗುತ್ತದೆ. ಮಧ್ಯಾಹ್ನ 2.30ಕ್ಕೆ ಹೊರಟು 16 ಗಂಟೆ ಹಾರಿದರೆ ಇಲ್ಲಿ ಮರುದಿನ ಬೆಳಿಗ್ಗೆ 6.30, ಅಲ್ಲಿ ಹಿಂದಿನ ದಿನದ ಸಂಜೆ 5 ಗಂಟೆ.

ಉತ್ತರ (ಭೂಗೋಳದ ಮೇಷ್ಟರು):
ಮೇಲಿನ ಲೆಕ್ಕ ಸರಿಯಾಗಿದೆ. ಆದರೆ ಗಡಿಯಾರವನ್ನು ಬದಿಗಿಟ್ಟರೂ, ಹೋಗುವಾಗ ಸುಮಾರು 16 ಗಂಟೆ, ಬರುವಾಗ 17 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಇದಕ್ಕೆ ಕಾರಣ, ವಿಮಾನಗಳು ಹಾರುವ 10–12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ, ಚಳಿಗಾಲದಲ್ಲಿ ಇನ್ನಷ್ಟು ಬಲಗೊಳ್ಳುವ ಜೆಟ್ ಪ್ರವಾಹ. ಪೆಸಿಫಿಕ್ ಸಾಗರದ ಮೇಲೆ ಪೂರ್ವಾಭಿಮುಖವಾಗಿ ಹೋಗುವ ವಿಮಾನವನ್ನು ಅದು ಹಿಂದಿನಿಂದ ನೂಕುತ್ತದೆ, ಅದೇ ದಾರಿಯಲ್ಲಿ ಮರಳುವ ವಿಮಾನಕ್ಕೆ ಎದುರಾಗುತ್ತದೆ. ಆದ್ದರಿಂದಲೇ 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ತಂದಾಗ ಪೆಸಿಫಿಕ್ ಮಾರ್ಗವನ್ನು ಬಿಟ್ಟು ಉತ್ತರ ಧ್ರುವದ ಮೇಲಿನಿಂದ ಬಂದರು.

ಪ್ರಶ್ನೆ ಕೇಳಿದವರು:
ಹಾಗಾದರೆ ಧ್ರುವದ ದಾರಿಯೇ ಅತ್ಯಂತ ಹತ್ತಿರದ್ದೇ?

ಉತ್ತರ (ಭೂಗೋಳದ ಮೇಷ್ಟರು):
ಅಲ್ಲ. ಗೋಳದ ಮೇಲೆ ದಾರ ಎಳೆದು ಹಿಡಿದು ನೋಡಿದರೆ ಕನಿಷ್ಠ ದೂರ ಸುಮಾರು 14,000 ಕಿ.ಮೀ.; ಆ ರೇಖೆ ಟಿಬೆಟ್, ಚೀನಾ, ಸೈಬೀರಿಯಾದ ಪೂರ್ವ ಭಾಗ ಮತ್ತು ಅಲಾಸ್ಕಾಗಳ ಕಡೆಯಿಂದ ಸಾಗುತ್ತದೆಯೇ ಹೊರತು ಧ್ರುವವನ್ನು ಮುಟ್ಟುವುದಿಲ್ಲ. ಆದರೆ ರೇಖೆ ಇದ್ದಲ್ಲೆಲ್ಲ ವಿಮಾನ ಹೋಗಲಾರದು. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ವಿಮಾನ ತಕ್ಷಣ ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿಯಬೇಕಾಗುತ್ತದೆ, ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿರುವಾಗ ಅಲ್ಲಿ ಇಳಿಯುವುದೆಲ್ಲಿಗೆ? ಆದ ಕಾರಣ ಸಾಮಾನ್ಯವಾಗಿ ಅದರ ಮೇಲೆ ಹಾರದೆ ಸುತ್ತಿಕೊಂಡು ಹೋಗುತ್ತಾರೆ. ಗಾಳಿಯನ್ನು ನೋಡಿಕೊಂಡು ಆಯಾ ದಿನದ ಮಾರ್ಗವನ್ನು ನಿರ್ಧರಿಸುವುದರಿಂದ ಇಂದಿನ ಹಾರಾಟಕ್ಕೂ ನಾಳಿನದಕ್ಕೂ ಕಾಲು, ಅರ್ಧ ಗಂಟೆಯ ವ್ಯತ್ಯಾಸ ಸಹಜ.

ಉತ್ತರ (ಪ್ರಯಾಣಿಕ):
ಹಿರಿಯರು ದೂರಕ್ಕಿಂತ ಒಟ್ಟು ಅವಧಿಯನ್ನು ನೋಡುವುದು ಒಳ್ಳೆಯದು. ದುಬೈ ಮೂಲಕ ಹೋದರೆ ದೂರ ಹೆಚ್ಚುವುದು ಸುಮಾರು 1,700 ಕಿ.ಮೀ. ಮಾತ್ರ, ಪ್ರಯಾಣವನ್ನು ನಿಜವಾಗಿ ಹಿಗ್ಗಿಸುವುದು ಎರಡು ವಿಮಾನಗಳ ನಡುವಿನ ಕಾಯುವಿಕೆ. ಹಳೆಯ ವೇಳಾಪಟ್ಟಿಯನ್ನು ನಂಬದೆ, ನೀವು ಹೊರಡುವ ತಿಂಗಳಲ್ಲಿ ನೇರ ವಿಮಾನವಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.