ಸಿಒಪಿಡಿ ಸೀರಮ್‌ನಾಗ ಎಚ್‌ಎಸ್‌ಪಿ70 ಯಾಕ ಹಿಂಗ ಏರುಪೇರು?

ವಿಜಯಪುರದಿಂದ ಪ್ರಶ್ನೆ: ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶ ರೋಗ) ಇರೋರ ಸೀರಮ್‌ನಾಗ, ಅಂದ್ರ ರಕ್ತ ಹೆಪ್ಪುಗಟ್ಟಿದ ಮ್ಯಾಲೆ ಉಳಿಯೋ ತಿಳಿ ದ್ರವದಾಗ, ಎಚ್‌ಎಸ್‌ಪಿ70 (ಜೀವಕೋಶಕ್ಕ ಒತ್ತಡ ಬಿದ್ದಾಗ ಹೆಚ್ಚೋ ಪ್ರೋಟೀನ್) ಅಳೀಲಿಕತ್ತೀವ್ರಿ. ಎಲೈಸಾದಾಗ (ಪ್ರತಿಕಾಯ ಬಳಸಿ ಪ್ರೋಟೀನ್ ಅಳೆಯೋ ಪರೀಕ್ಷೆ) ಒಂದೇ ರೋಗಿಯ ಎರಡು ಟ್ಯೂಬ್, ಎರಡು ಲೆಕ್ಕ. ಎಲ್ಲಿ ತಪ್ಪೇತ್ರಿ?

ಬೆಳಗಾವಿ: ಮೊದಲು ಸೀರಮ್ ಬಣ್ಣ ನೋಡ್ರಿ. ಕೆಂಪು ಛಾಯೆ ಇದ್ದರ ಆ ಟ್ಯೂಬ್ ಬಿಟ್ಟಬಿಡ್ರಿ. ಕೆಂಪು ರಕ್ತಕಣದೊಳಗೂ ಈ ಪ್ರೋಟೀನ್ ಇರ್ತದ, ಕಣ ಒಡೆದರ ಲೆಕ್ಕ ಸುಳ್ಳೇ ಏರ್ತದ. ಸಣ್ಣ ಸೂಜೀಲೆ ಜೋರಾಗಿ ಎಳೀಬ್ಯಾಡ್ರಿ. 30 ನಿಮಿಷ ಹೆಪ್ಪುಗಟ್ಟಲಿ, ಸೆಂಟ್ರಿಫ್ಯೂಜ್‌ನಾಗ 1,500 ಜಿ (ಗುರುತ್ವದ 1,500 ಪಟ್ಟು) ಒಳಗ 10 ನಿಮಿಷ ತಿರುಗಿಸಿ, ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ಗೆ ಇಡ್ರಿ. ಪದೇ ಪದೇ ಕರಗಿಸಿದರ ಮತ್ತ ಅದೇ ಗೋಳು.

ಬಾಗಲಕೋಟೆ: ಕಫದಾಗ ಅಳೆಯೋದಿದ್ದರ ಡಿಟಿಟಿ (ಕಫ ತೆಳು ಮಾಡೋ ಕೆಮಿಕಲ್) ನೆನಪಿರಲಿ. ಲೋಳೆಯ ಡೈಸಲ್ಫೈಡ್ ಕೊಂಡಿ ಕತ್ತರಿಸೋ ಅದೇ ಕೆಮಿಕಲ್ ಎಲೈಸಾದ ಪ್ರತಿಕಾಯಾನೂ ಕೆಡಿಸ್ತದ. ಸ್ಟ್ಯಾಂಡರ್ಡ್‌ಗೂ (ಪ್ರಮಾಣ ಗೊತ್ತಿರೋ ಮಾದರಿ) ಅಷ್ಟೇ ಡಿಟಿಟಿ ಹಾಕ್ರಿ.

ವಿಜಯಪುರ: ಒಂದು ಟ್ಯೂಬ್ ಕೆಂಪಗೇ ಐತ್ರಿ. ಇನ್ನೊಂದು ಪ್ರಶ್ನೆ: ಎಚ್‌ಎಸ್‌ಪಿ70 ಹಾಕಿದರ ಮ್ಯಾಕ್ರೊಫೇಜ್‌ನಾಗ (ರೋಗನಿರೋಧಕ ಕಣ) ಟಿಎನ್‌ಎಫ್ (ಉರಿಯೂತದ ಸಂಕೇತ ಪ್ರೋಟೀನ್) ಏರ್ತದಲ್ಲ, ಅದು ಖರೇನ?

ಬೆಳಗಾವಿ: ಹೋಲಿಕೆಗೆ ಕುದಿಸಿದ ಎಚ್‌ಎಸ್‌ಪಿ70ದ ಕಂಟ್ರೋಲ್ ಇಡ್ರಿ. ಪ್ರೋಟೀನ್ ಕೆಡ್ತದ, ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪದರದ ವಿಷ) ಜಗ್ಗಂಗಿಲ್ಲ. ಕುದಿಸಿದ್ದಕ್ಕೂ ಟಿಎನ್‌ಎಫ್ ಏರಿದರ ಎಂಡೊಟಾಕ್ಸಿನ್ ಕಲಬೆರಕೆ ಅನ್ನೋ ಅನುಮಾನ ಮೊದಲು.