ಅಪ್‌ಡೇಟ್: ಬೀಗದ ಕೈ ಇಟ್ಟ ಮಣ್ಣು ಸೀಳುತ್ತಿದ್ದದ್ದು ಯಾಕೆ
ಗುಜರಿಯಿಂದ ತಂದ ಕಬ್ಬಿಣದ ಬೀಗದ ಕೈಗಳನ್ನು ಹಸಿ ಮಣ್ಣಿಗೆ ಒತ್ತಿ ಸುಟ್ಟರೆ ಪ್ರತಿ ಸಲ ಸೀಳುತ್ತದೆ, ಯಾಕೆ ಅಂತ ಹೋದ ತಿಂಗಳು ಕೇಳಿದ್ದೆನಲ್ಲ? ನೀವು ಹೇಳಿದ್ದೇ ಸರಿ. ಒಣಗುವಾಗ, ಸುಡುವಾಗ ಮಣ್ಣು ಕುಗ್ಗುತ್ತದೆ. ನನ್ನ ಮಣ್ಣು ಅಳೆದು ನೋಡಿದೆ, ಸುಮಾರು 12%. ಒಳಗಿನ ಕಬ್ಬಿಣ ಒಂಚೂರೂ ಕುಗ್ಗಲ್ಲ, ಅದಕ್ಕೇ ಸುತ್ತಲಿನ ಮಣ್ಣು ಸೀಳುತ್ತದೆ.

ಈ ಸಲ ಅಚ್ಚು ಮಾತ್ರ ಒತ್ತಿ, ಗುಳಿ ಸ್ವಲ್ಪ ದೊಡ್ಡದು ಮಾಡಿ, ಸುಟ್ಟ ಮೇಲೆ ಬೀಗದ ಕೈಗಳನ್ನು ಎಪಾಕ್ಸಿ ಅನ್ನೋ ಗಟ್ಟಿ ಅಂಟಿನಲ್ಲಿ ಅಂಟಿಸಿದೆ. ಏಳರಲ್ಲಿ ಆರು ಉಳಿದವು. ಏಳನೆಯದು ನನ್ನ ಕೈ ಜಾರಿ ಬಿತ್ತು, ಪಾಪ ಮಣ್ಣು ಸುಡುವ ಕಿಲ್ನ್‌ದೇನೂ ತಪ್ಪಿಲ್ಲ. ಹಿತ್ತಾಳೆ ಗೆಜ್ಜೆ ಇಟ್ಟು 1200 ಡಿಗ್ರಿಗೆ ಸುಡೋ ಆಸೆ ಬಿಟ್ಟೆ. ಅದಕ್ಕೂ ಮೊದಲೇ ಕರಗಿ ಹರಿದುಬಿಡುತ್ತದೆ.

ಒಂದು ಮಾರಾಟವಾಯಿತು. ದುಡ್ಡು ಕರೆಂಟ್ ಬಿಲ್ಲಿಗೇ ಹೋಯಿತು. ಅಮ್ಮ ಉಳಿದವನ್ನು ನೋಡಿ, "ಇದು ನಮ್ಮ ಅಟ್ಟದ ಬೀಗದ ಕೈ ಅಲ್ವಾ?" ಅಂದರು. ಸುಮ್ನೆ ನಕ್ಕೆ.